ಡಬ್ಬಿ ನೋಡಿ ಆಯಿಲ್ ಫಿಲ್ಟರ್ ತಗೊಳ್ಳಬೇಡಿ

ಹೆಸರಾಂತ ಕಂಪನಿಯ ಡಬ್ಬಿಯಲ್ಲೇ ನನಗೆ ನಕಲಿ ಆಯಿಲ್ ಫಿಲ್ಟರ್ ಸಿಕ್ಕಿತು. ಬಣ್ಣ, ಅಕ್ಷರ, ಪಾರ್ಟ್ ನಂಬರ್ ಎಲ್ಲ ಸರಿಯಾಗೇ ಇತ್ತು. ಹೊರಗಿನಿಂದ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ.

ಅದನ್ನು ಹಾಕಿಸಿದ ಮೇಲೆ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದಾಗೆಲ್ಲ ಎಂಜಿನ್‌ನಿಂದ ಕಟಕಟ ಸದ್ದು. ಆಯಿಲ್ ಲೈಟ್ ಆರುವುದಕ್ಕೂ ಮೊದಲಿಗಿಂತ ಜಾಸ್ತಿ ಹೊತ್ತು. ಸ್ವಲ್ಪ ಓಡಿಸಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ. 'ಹೊಸ ಆಯಿಲ್ ಅಲ್ವಾ, ಸೆಟ್ ಆಗುತ್ತೆ ಬಿಡಿ' ಅಂದರು ಮಾರಿದವರು. ಈ ಮಾತನ್ನು ದಯವಿಟ್ಟು ನಂಬಬೇಡಿ. ಎಂಜಿನ್ ಆಫ್ ಆದಾಗ ಫಿಲ್ಟರ್‌ನಲ್ಲಿ ಆಯಿಲ್ ನಿಲ್ಲಿಸುವ ರಬ್ಬರ್ ವಾಲ್ವ್ ಕೆಟ್ಟದಾಗಿತ್ತು. ರಾತ್ರಿಯೆಲ್ಲ ಆಯಿಲ್ ಸಂಪ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿದುಹೋಗುತ್ತಿತ್ತು. ಬೆಳಿಗ್ಗೆ ಪಂಪ್ ಮೊದಲು ಖಾಲಿ ಫಿಲ್ಟರ್ ತುಂಬಿಸಬೇಕು, ಆಮೇಲಷ್ಟೇ ಬೇರಿಂಗ್‌ಗಳಿಗೆ ಆಯಿಲ್. ಅಷ್ಟು ಹೊತ್ತು ಸಾಕಷ್ಟು ಆಯಿಲ್ ಇಲ್ಲದೆ ಲೋಹಕ್ಕೆ ಲೋಹ ಉಜ್ಜಬಹುದು.

ಮೆಕ್ಯಾನಿಕ್ ಅದನ್ನು ಬಿಚ್ಚಿ ಬೇರೆ ಹಾಕಿದರು, ಸದ್ದು ನಿಂತಿತು. ಹಳೆಯದನ್ನು ಕೊಯ್ದು ತೋರಿಸಿದಾಗ ನಿಜಕ್ಕೂ ಸಿಟ್ಟು ಬಂತು. ಆಯಿಲ್ ಸೋಸುವ ಕಾಗದದ ನೆರಿಗೆಗಳು ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ಬಿಡುವಾಗಿ ಇದ್ದವು. ಕಾಗದದ ಎರಡು ತುದಿ ಸೇರುವ ಕಡೆ ಅಂಟೇ ಹಿಡಿದಿರಲಿಲ್ಲ. ಕೊಳೆ ಆಯಿಲ್ ಸೀದಾ ಆ ಸಂದಿಯಿಂದಲೇ ದಾಟುತ್ತಿತ್ತು. ಬೈಪಾಸ್ ವಾಲ್ವ್‌ನ ಸ್ಪ್ರಿಂಗ್ ಮೆಲ್ಲಗೆ ಒತ್ತಿದರೂ ಬಿಟ್ಟುಕೊಳ್ಳುತ್ತಿತ್ತು. ಕಾಗದ ಕಟ್ಟಿಕೊಂಡಾಗ ಅಥವಾ ಚಳಿಗೆ ಆಯಿಲ್ ಮಂದವಾದಾಗ ಮಾತ್ರ ತೆರೆಯಬೇಕಾದ ವಾಲ್ವ್ ಅದು. ಸಡಿಲವಿದ್ದರೆ ಸೋಸದ ಆಯಿಲೇ ಎಂಜಿನ್ ಸುತ್ತುತ್ತದೆ.

ತಗೊಳ್ಳುವಾಗ ಡಬ್ಬಿ ತೆಗೆಸಿ ನೋಡಿ. ತಳದ ತಟ್ಟೆಯ ಸಣ್ಣ ತೂತುಗಳಲ್ಲಿ ಇಣುಕಿದರೆ ಆಯಿಲ್ ನಿಲ್ಲಿಸುವ ಆ ರಬ್ಬರ್ ವಾಲ್ವ್ ಕಾಣುತ್ತದೆ. ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಮೆತ್ತಗೆ ಬಗ್ಗಿ ವಾಪಸ್ ಬರಬೇಕು. ಸೆಡೆದುಕೊಂಡಿದ್ದರೆ, ಸುಕ್ಕಾಗಿದ್ದರೆ ಬೇಡ. ಸಿಲಿಕೋನ್ ರಬ್ಬರ್ ಮಾಮೂಲಿ ನೈಟ್ರೈಲ್ ರಬ್ಬರ್‌ಗಿಂತ ಬಿಸಿ ಜಾಸ್ತಿ ತಡೆಯುತ್ತದೆ. ಅದು ಹೆಚ್ಚಾಗಿ ಕಿತ್ತಳೆ ಬಣ್ಣದಲ್ಲಿರುತ್ತದೆ, ಆದರೆ ಬಣ್ಣ ನಕಲಿಯವರೂ ಹಾಕುತ್ತಾರೆ. ಫಿಲ್ಟರನ್ನು ತಿರುಗಿಸಿ ಕೂರಿಸುವ ಥ್ರೆಡ್‌ನಲ್ಲಿ ಲೋಹದ ಚೂರು ಇರಬಾರದು. ತೂಕ ನೋಡಿ ಮೋಸ ಹೋಗಬೇಡಿ, ದಪ್ಪ ತಗಡು ಒಳಗಿನ ಕಾಗದದ ಬಗ್ಗೆ ಏನೂ ಹೇಳುವುದಿಲ್ಲ.

ಡಬ್ಬಿ ಮೇಲೆ ಬರೀ '20 ಮೈಕ್ರಾನ್' (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಂತ ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ. ಆ ಗಾತ್ರದ ಕಣಗಳಲ್ಲಿ ಶೇಕಡಾ ಎಷ್ಟನ್ನು ಹಿಡಿಯುತ್ತದೆ ಅನ್ನುವುದೇ ಮುಖ್ಯ. ಶೇ. 50 ಹಿಡಿಯುವುದಕ್ಕೂ ಶೇ. 99 ಹಿಡಿಯುವುದಕ್ಕೂ ಅಜಗಜಾಂತರ. ಆಯಿಲ್ ಫಿಲ್ಟರ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 4548-12 ಪ್ರಕಾರ ಪರೀಕ್ಷಿಸಿದ ಅಂಕಿ ಕೊಟ್ಟಿದ್ದರೆ ಹೋಲಿಸಲು ಸುಲಭ.

ಬಿಚ್ಚಿದ ಫಿಲ್ಟರನ್ನು ಸುಮ್ನೆ ಎಸೆಯಬೇಡಿ, ಕೊಯ್ಸಿ ನೋಡಿ. ಗರಗಸ ಮಾತ್ರ ಬೇಡ. ಅದರ ಪುಡಿ ಒಳಗೆ ಬಿದ್ದರೆ, ಎಂಜಿನ್ ಸವೆದು ಬಂದ ಲೋಹ ಯಾವುದು, ಗರಗಸದ್ದು ಯಾವುದು ಗೊತ್ತಾಗುವುದಿಲ್ಲ. ಫಿಲ್ಟರ್ ಕಟರ್‌ನಲ್ಲೇ ಕೊಯ್ಸಿ.