ಹಳೆಯ ಭೇಟಿಗಳ ಲೆಕ್ಕವನ್ನು ಅಳಿಸುವ ಮುನ್ನ: ಮಟೋಮೊ ತಂತ್ರಾಂಶದ ಒಂದು ವಿಮರ್ಶೆ

ನನ್ನ ಜಾಲತಾಣದ ಬರಹ, ಚಿತ್ರಗಳೆಲ್ಲ ಸೇರಿ ಹಿಡಿಯುವ ಜಾಗಕ್ಕಿಂತ ಅವುಗಳನ್ನು ನೋಡಲು ಬಂದವರ ಲೆಕ್ಕವೇ ಹೆಚ್ಚು ಜಾಗ ಹಿಡಿಯತೊಡಗಿದಾಗ, ಹಳೆಯ ದತ್ತಾಂಶವನ್ನು ಅಳಿಸಬೇಕೇ ಬೇಡವೇ ಎಂಬ ಪ್ರಶ್ನೆ ಎದುರಾಯಿತು. ಜಾಲತಾಣಕ್ಕೆ ಬಂದವರ ಲೆಕ್ಕ ಇಡಲು ನಾನು ಬಳಸುತ್ತಿರುವುದು ಮಟೋಮೊ. 2018ರ ಜನವರಿಯವರೆಗೆ ಪಿವಿಕ್ ಎಂಬ ಹೆಸರಿನಲ್ಲಿದ್ದ ಈ ಮುಕ್ತ ತಂತ್ರಾಂಶವನ್ನು ನಮ್ಮದೇ ಸರ್ವರ್‌ನಲ್ಲಿ ಇರಿಸಿಕೊಳ್ಳಬಹುದಾದ್ದರಿಂದ, ದತ್ತಾಂಶ ನಮ್ಮ ಕೈಯಲ್ಲೇ ಇರುತ್ತದೆ. ಅದನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಎಂಬ ತೀರ್ಮಾನದ ಹೊಣೆಯೂ ನಮ್ಮದೇ. ಆ ತೀರ್ಮಾನಕ್ಕೆ ಮಟೋಮೊ ಎಷ್ಟರ ಮಟ್ಟಿಗೆ ನೆರವಾಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಮೊದಲು ಹೇಳಬೇಕಾದ ಮೆಚ್ಚುಗೆಯ ಮಾತೆಂದರೆ, ಮಟೋಮೊ ಹಳೆಯ ದತ್ತಾಂಶವನ್ನು ಒಂದೇ ರಾಶಿಯಾಗಿ ನೋಡುವುದಿಲ್ಲ. ಯಾರೋ ಒಬ್ಬರು ಎಷ್ಟು ಗಂಟೆಗೆ ಬಂದರು, ಯಾವ ಪುಟದಿಂದ ಯಾವ ಪುಟಕ್ಕೆ ಹೋದರು, ಯಾವ ಬ್ರೌಸರ್ ಬಳಸಿದರು ಎಂಬ ಬಿಡಿಬಿಡಿ ದಾಖಲೆಗಳು ಲಾಗ್ ಟೇಬಲ್‌ಗಳಲ್ಲಿ ಇರುತ್ತವೆ. ಅವುಗಳನ್ನು ಕೂಡಿಸಿ ದಿನ, ವಾರ, ತಿಂಗಳು, ವರ್ಷಗಳ ಲೆಕ್ಕದಲ್ಲಿ ಸಿದ್ಧಪಡಿಸಿದ ವರದಿಗಳು ಆರ್ಕೈವ್ ಟೇಬಲ್‌ಗಳಲ್ಲಿ ಇರುತ್ತವೆ. ಮೊದಲನೆಯದನ್ನು ಅಳಿಸಿದರೂ ಎರಡನೆಯದು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಲಾಗ್‌ಗಳನ್ನು ಅಳಿಸಿದ ಮಾತ್ರಕ್ಕೆ ಐದು ವರ್ಷದ ಹಿಂದಿನ ಒಂದು ತಿಂಗಳಲ್ಲಿ ಎಷ್ಟು ಭೇಟಿಗಳಾಗಿದ್ದವು ಎಂಬ ಸಂಖ್ಯೆ ಕಳೆದುಹೋಗುವುದಿಲ್ಲ.

ಹಾಗಾದರೆ ಕಳೆದುಹೋಗುವುದೇನು? ಈ ಭಾಗವನ್ನು ಬಹಳ ನಿಧಾನವಾಗಿ ಯೋಚಿಸಬೇಕು. ಲಾಗ್‌ಗಳು ಇರುವವರೆಗೆ ಹಳೆಯ ಕಾಲದ ಬಗ್ಗೆ ಹೊಸ ಪ್ರಶ್ನೆ ಕೇಳಬಹುದು. ಉದಾಹರಣೆಗೆ, ಮೊಬೈಲ್‌ನಿಂದ ಬಂದು ಒಂದು ನಿರ್ದಿಷ್ಟ ಪುಟವನ್ನು ನೋಡಿದವರನ್ನಷ್ಟೇ ಪ್ರತ್ಯೇಕಿಸುವ ಸೆಗ್ಮೆಂಟನ್ನು ಇಂದು ರಚಿಸಿ, ಅದನ್ನು ಮೂರು ವರ್ಷದ ಹಿಂದಿನ ದಿನಗಳಿಗೂ ಅನ್ವಯಿಸಬಹುದು. ಲಾಗ್‌ಗಳು ಹೋದ ಮೇಲೆ, ಆಗ ಕೇಳಿದ್ದ ಪ್ರಶ್ನೆಗಳ ಉತ್ತರಗಳು ಮಾತ್ರ ಉಳಿಯುತ್ತವೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಷ್ಟವಿದೆ. ಪುಟಗಳ ವರದಿಯನ್ನು ಸಂಗ್ರಹಿಸುವಾಗ ಮಟೋಮೊ ತನ್ನ ಮೂಲ ಸಂಯೋಜನೆಯಲ್ಲಿ 500 ಸಾಲುಗಳ ಮಿತಿ ಇಟ್ಟುಕೊಂಡು, ಮಿಕ್ಕವನ್ನೆಲ್ಲ ‘ಇತರೆ’ ಎಂಬ ಒಂದೇ ಸಾಲಿಗೆ ಸೇರಿಸಿಬಿಡುತ್ತದೆ. ಸಾವಿರಾರು ಪುಟಗಳಿರುವ ತಾಣದಲ್ಲಿ, ಕಡಿಮೆ ಓದುಗರಿದ್ದರೂ ಮುಖ್ಯವಾದ ಪುಟಗಳು ಈ ಸಾಲಿನೊಳಗೆ ಸೇರಿಹೋಗಿರುತ್ತವೆ. ಲಾಗ್‌ಗಳಿದ್ದರೆ ಮಿತಿಯನ್ನು ಹೆಚ್ಚಿಸಿ ವರದಿಯನ್ನು ಮತ್ತೆ ಸಿದ್ಧಪಡಿಸಬಹುದು, ಇಲ್ಲದಿದ್ದರೆ ಆ ಪುಟಗಳ ಹೆಸರು ಮರಳಿ ಸಿಗುವುದಿಲ್ಲ. ಅನನ್ಯ ಸಂದರ್ಶಕರ, ಅಂದರೆ ಎಷ್ಟು ಸಲ ಬಂದರೂ ಒಬ್ಬರನ್ನು ಒಮ್ಮೆ ಮಾತ್ರ ಎಣಿಸಿದ ಸಂದರ್ಶಕರ, ಸಂಖ್ಯೆಯೂ ಇಂಥದ್ದೇ: ಒಬ್ಬರೇ ಹತ್ತು ದಿನ ಬಂದಿರಬಹುದಾದ್ದರಿಂದ ದಿನದ ಸಂಖ್ಯೆಗಳನ್ನು ಕೂಡಿಸಿದರೆ ವರ್ಷದ ಸಂಖ್ಯೆ ಬರುವುದಿಲ್ಲ, ಮತ್ತು ವರ್ಷದ ಮಟ್ಟದಲ್ಲಿ ಈ ಲೆಕ್ಕವನ್ನು ಮಾಡಬೇಕೆಂದು ನಾವಾಗಿಯೇ ಸೂಚಿಸದ ಹೊರತು ಮಟೋಮೊ ಅದನ್ನು ಮಾಡಿರುವುದಿಲ್ಲ.

ಅಳಿಸುವ ಸೌಲಭ್ಯ ಗೌಪ್ಯತೆಯ ಸಂಯೋಜನೆಗಳಲ್ಲಿದೆ. ಎಷ್ಟು ದಿನಕ್ಕಿಂತ ಹಳೆಯ ಲಾಗ್‌ಗಳನ್ನು ಅಳಿಸಬೇಕು ಎಂಬಲ್ಲಿ 180 ಎಂಬ ಸಂಖ್ಯೆ ಮೊದಲೇ ತುಂಬಿರುತ್ತದೆ. ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವ ಅಭ್ಯಾಸವಿರುವವರಿಗೆ ಇದು ತೀರಾ ಕಡಿಮೆ ಎಂಬುದು ನನ್ನ ಅಭಿಪ್ರಾಯ. ವರದಿಗಳನ್ನೂ ಅಳಿಸುವುದಾದರೆ ಯಾವ ಅವಧಿಯ ವರದಿಗಳನ್ನು ಉಳಿಸಬೇಕೆಂದು ಆರಿಸಿಕೊಳ್ಳಬಹುದು. ಅಳಿಸಿದರೆ ಡೇಟಾಬೇಸ್ ಎಷ್ಟು ಕಿರಿದಾದೀತು ಎಂಬ ಅಂದಾಜನ್ನು ಮೊದಲೇ ತೋರಿಸುವ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಆದರೆ ಮಟೋಮೊ ತನ್ನ ದತ್ತಾಂಶವನ್ನು ಇಡುವ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಸಾಲುಗಳು ಅಳಿದ ಕೂಡಲೇ ಡಿಸ್ಕ್‌ನ ಜಾಗ ಬಿಡುಗಡೆಯಾಗುವುದಿಲ್ಲ, ಟೇಬಲ್‌ಗಳನ್ನು ಆಪ್ಟಿಮೈಸ್ ಮಾಡಿದ (ಅಂದರೆ ಖಾಲಿ ಜಾಗ ಬಿಟ್ಟು ಹೊಸದಾಗಿ ಬರೆದ) ಮೇಲಷ್ಟೇ ಆಗುತ್ತದೆ ಎಂಬುದನ್ನು ನೆನಪಿಡಬೇಕು. ಜೊತೆಗೆ, ಆ ಕೆಲಸ ನಡೆಯುವಾಗ ಟೇಬಲ್‌ನ ಪ್ರತಿಗೆ ತಾತ್ಕಾಲಿಕವಾಗಿ ಜಾಗ ಬೇಕಾಗುವುದರಿಂದ, ಡಿಸ್ಕ್ ಪೂರ್ತಿ ತುಂಬುವವರೆಗೆ ಕಾಯುವುದು ಅಪಾಯ.

ಜಾಗದ ಚಿಂತೆಯೇ ಇಲ್ಲದಿದ್ದರೂ ಅಳಿಸಲು ಕಾರಣವಿದೆ, ಮತ್ತು ನನ್ನ ಮಟ್ಟಿಗೆ ಅದೇ ದೊಡ್ಡದು. ಲಾಗ್‌ಗಳಲ್ಲಿರುವುದು ಜನರ ನಡವಳಿಕೆ. ಯುರೋಪಿನಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ಜಿಡಿಪಿಆರ್ ಕಾನೂನು, ವೈಯಕ್ತಿಕ ದತ್ತಾಂಶವನ್ನು ಉದ್ದೇಶಕ್ಕೆ ಬೇಕಾದಷ್ಟು ಕಾಲಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎನ್ನುತ್ತದೆ. ಫ್ರಾನ್ಸಿನ ದತ್ತಾಂಶ ರಕ್ಷಣೆಯ ನಿಯಂತ್ರಣ ಸಂಸ್ಥೆಯಾದ ಸಿಎನ್‌ಐಎಲ್, ಸಮ್ಮತಿ ಕೇಳದೆಯೇ ನಡೆಸಬಹುದಾದ ಸಂದರ್ಶಕರ ಮಾಪನದ ದತ್ತಾಂಶವನ್ನು ಇಟ್ಟುಕೊಳ್ಳಲು 25 ತಿಂಗಳ ಗಡುವನ್ನು ಸೂಚಿಸಿದೆ. ಅಳಿಸಲು ಮನಸ್ಸಿಲ್ಲದವರಿಗಾಗಿ ಮಟೋಮೊದಲ್ಲಿ ನಡುವಿನ ದಾರಿಯೊಂದಿದೆ: ಹಳೆಯ ದಾಖಲೆಗಳಲ್ಲಿರುವ ಐಪಿ ವಿಳಾಸ, ಸ್ಥಳ, ಬಳಕೆದಾರರ ಗುರುತು ಇವುಗಳನ್ನಷ್ಟೇ ಅನಾಮಧೇಯಗೊಳಿಸಿ ಉಳಿದದ್ದನ್ನು ಇಟ್ಟುಕೊಳ್ಳಬಹುದು. ಇದೂ ಹಿಂತೆಗೆದುಕೊಳ್ಳಲಾಗದ ಕ್ರಿಯೆಯೇ.

ಹೋಲಿಕೆಗೆ, ಸಂದರ್ಶಕರ ಲೆಕ್ಕ ಇಡುವ ಗೂಗಲ್‌ನ ಸೇವೆಯಾದ ಗೂಗಲ್ ಅನಾಲಿಟಿಕ್ಸ್ 4ರ ಉಚಿತ ಆವೃತ್ತಿಯನ್ನು ನೋಡಿದರೆ, ಅಲ್ಲಿ ಬಳಕೆದಾರರ ಮಟ್ಟದ ದತ್ತಾಂಶಕ್ಕೆ 2 ತಿಂಗಳು ಅಥವಾ 14 ತಿಂಗಳು ಎಂಬ ಎರಡೇ ಆಯ್ಕೆಗಳಿವೆ. ಅದರ ಹಿಂದಿನ ಯೂನಿವರ್ಸಲ್ ಅನಾಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ದತ್ತಾಂಶ ಸ್ವೀಕರಿಸುವುದನ್ನು ನಿಲ್ಲಿಸತೊಡಗಿ, 2024ರ ಜುಲೈನಿಂದ ಹಳೆಯ ವರದಿಗಳೂ ಸಿಗದಂತಾದವು. ಮಟೋಮೊವನ್ನು ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಂಡವರಿಗೆ ಹಳೆಯ ದತ್ತಾಂಶ ಇಲ್ಲವಾಗುವ ದಿನಾಂಕವನ್ನು ಹೀಗೆ ಬೇರೆಯವರು ಗೊತ್ತುಮಾಡುವುದಿಲ್ಲ.

ನಾನು 25 ತಿಂಗಳಿಗಿಂತ ಹಳೆಯ ಲಾಗ್‌ಗಳನ್ನು ಅಳಿಸಿ, ತಿಂಗಳ ಮತ್ತು ವರ್ಷದ ವರದಿಗಳನ್ನು ಉಳಿಸಿಕೊಂಡೆ. ಅದಕ್ಕೆ ಮೊದಲು ಸಾಲುಗಳ ಮಿತಿಯನ್ನು ಹೆಚ್ಚಿಸಿ ವರದಿಗಳನ್ನು ಮತ್ತೆ ಸಿದ್ಧಪಡಿಸಿದೆ, ಪೂರ್ತಿ ಡೇಟಾಬೇಸ್‌ನ ಬ್ಯಾಕಪ್ ತೆಗೆದೆ. ಆ ಬ್ಯಾಕಪ್ ಶಾಶ್ವತವಾಗಿ ಉಳಿದರೆ ಅಳಿಸಿದ್ದಕ್ಕೆ ಅರ್ಥವೇ ಇರುವುದಿಲ್ಲವಾದ್ದರಿಂದ, ಮೂರು ತಿಂಗಳ ನಂತರ ಅದನ್ನೂ ಅಳಿಸಬೇಕೆಂದು ದಿನಾಂಕ ಗುರುತು ಹಾಕಿಟ್ಟಿದ್ದೇನೆ.