'ಎಲ್ಲಾ ನಾವೇ ನೋಡ್ಕೋತೀವಿ' ಅಂದವರ ಹಾಲ್ ಬುಕ್ ಮಾಡಿ ನಾನು ಪಟ್ಟ ಪಾಡು

ತಂಗಿ ಮದುವೆಗೆ ಹಾಲ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಫೀಸು ಬಿಟ್ಟು ಓಡಾಡಲು ಪುರುಸೊತ್ತಿರಲಿಲ್ಲ, ಅಪ್ಪನಿಗೆ ಮಂಡಿ ನೋವು. ತಲೆನೋವು ಕಡಿಮೆ ಮಾಡುವ ಜಾಗ ಸಿಕ್ಕರೆ ಸಾಕಾಗಿತ್ತು. ಹಾಗಾಗಿ "ಡೆಕೊರೇಷನ್, ಅಡುಗೆ, ಸೌಂಡು, ಫೋಟೋ ಎಲ್ಲಾ ನಾವೇ ನೋಡ್ಕೋತೀವಿ ಸಾರ್, ನೀವು ಬಂದು ಕೂತ್ಕೊಂಡ್ರೆ ಆಯ್ತು" ಅಂತ ಮ್ಯಾನೇಜರ್ ಅಂದಾಗ ಅರ್ಧ ಗಂಟೆಯಲ್ಲಿ ಅಡ್ವಾನ್ಸ್ ಕೊಟ್ಟು ಬಂದುಬಿಟ್ಟೆ. ಹಾಲ್ ಹೆಸರು ಬರೆಯಲ್ಲ. ಇದೇ ಮಾತಾಡುವವರು ಎಲ್ಲಾ ಕಡೆ ಇದ್ದಾರೆ.

ರಸೀದಿಯಲ್ಲಿ ಇದ್ದದ್ದು ತಾರೀಕು, ಮೊತ್ತ, ಒಂದು ಸಹಿ, ಅಷ್ಟೇ. ಪ್ಯಾಕೇಜಲ್ಲಿ ಏನೇನು ಬರುತ್ತೆ ಅಂತ ಕೇಳಿದ್ದಕ್ಕೆ ಆತ ತನ್ನ ವಿಸಿಟಿಂಗ್ ಕಾರ್ಡಿನ ಹಿಂದೆ ನಾಲ್ಕು ಸಾಲು ಗೀಚಿ ಕೊಟ್ಟ. 500 ಜನ. ರೂಮು 6. ಜನರೇಟರ್ ಇದೆ. ಡೆಕೊರೇಷನ್ ಫುಲ್. ಆ ಕಾರ್ಡು ಈಗಲೂ ನನ್ನ ಪರ್ಸಿನಲ್ಲಿದೆ. ನಾಲ್ಕರಲ್ಲಿ ಒಂದು ಸಾಲೂ ಸುಳ್ಳಲ್ಲ, ಬೇಜಾರಾಗುವುದೇ ಅದಕ್ಕೆ.

500 ಜನದ ಲೆಕ್ಕ ನೋಡಿ. ಹಾಲ್ ಸುಮಾರು 4,000 ಚದರ ಅಡಿ. ಬರೀ ಕುರ್ಚಿ ಸಾಲು ಹಾಕಿದರೆ ಒಬ್ಬರಿಗೆ 6ರಿಂದ 8 ಚದರ ಅಡಿ ಸಾಕು, ಹಾಗೆ ನೋಡಿದರೆ 500 ಸರಿ. ಆದರೆ ದುಂಡು ಮೇಜು ಹಾಕಿ ಕೂರಿಸಬೇಕಾದರೆ ಒಬ್ಬರಿಗೆ 10ರಿಂದ 12 ಬೇಕು. ಅದರ ಜೊತೆ ಸ್ಟೇಜಿಗೆ ಒಂದಷ್ಟು, ಓಡಾಡಲು ಒಂದಷ್ಟು ಜಾಗ ಕಳೆಯಿರಿ. ಮುನ್ನೂರಕ್ಕೆ ಬಂದು ನಿಲ್ಲುತ್ತದೆ. ನಾವು ಕರೆದದ್ದು 420 ಜನರನ್ನು. ನಮ್ಮ ದೊಡ್ಡಪ್ಪನಂಥವರು ಊಟದ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದನ್ನು ನೋಡಿದೆ. ಅವರು ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಆದರೆ ನಿಜವಾಗಿ ಕೆಡಿಸಿದ್ದು ಹೊತ್ತಿನ ವಿಚಾರ. ಹಿಂದಿನ ದಿನ ಸಂಜೆ 6ಕ್ಕೆ ಹಾಲ್ ನಮ್ಮ ಕೈಗೆ ಅಂದಿದ್ದರು. ನಾವು ಹೋದಾಗ ಒಳಗೆ ಬೇರೆಯವರ ರಿಸೆಪ್ಷನ್ ನಡೆಯುತ್ತಿತ್ತು. "ಇನ್ನೇನು ಮುಗೀತು ಸಾರ್" ಅನ್ನುತ್ತಲೇ ರಾತ್ರಿ 11 ಆಯಿತು. ಆಮೇಲೆ ಸ್ಟೇಜ್ ಬಿಚ್ಚುವವರೂ ಕಟ್ಟುವವರೂ ಒಂದೇ ಬಾಗಿಲಲ್ಲಿ ಎದುರಾದರು. ಕಟ್ಟುವವರಿಗೆ ಎಂಟು ಗಂಟೆ ಕೆಲಸ, ಬೆಳಗಿನ ಕಾರ್ಯಕ್ರಮಕ್ಕೆ ಉಳಿದದ್ದು ಅಷ್ಟೂ ಇಲ್ಲ. ಬೆಳಗಿನ ಜಾವ 5 ಗಂಟೆಗೆ ನಾನೂ ನನ್ನ ಭಾವನೂ ಪೊರಕೆ ಹಿಡಿದು ಹಿಂದಿನವರ ಬಾಡಿದ ಹೂವು, ಥರ್ಮೋಕೋಲ್ ಪುಡಿ ಗುಡಿಸುತ್ತಿದ್ದೆವು. 'ಬಂದು ಕೂತ್ಕೊಳ್ಳೋದು' ಅಂದರೆ ಇದು.

'ಡೆಕೊರೇಷನ್ ಫುಲ್' ಅಂದರೆ ಅವರ ಗೋಡೌನಿನಲ್ಲಿದ್ದ ಪ್ಲಾಸ್ಟಿಕ್ ಹೂವು. ನಮ್ಮವರನ್ನೇ ಕರೆಸುತ್ತೇವೆ ಅಂದರೆ ಹೊರಗಿನವರಿಗೆ ಬೇರೆ ಚಾರ್ಜು. ಫೋಟೋದವರಿಗೂ ಅದೇ ಕಥೆ.

ಜನರೇಟರ್ ವಿಷಯಕ್ಕೆ ಬರುತ್ತೇನೆ. ಕಾರ್ಯಕ್ರಮದ ಮಧ್ಯೆ ಕರೆಂಟು ಹೋಯಿತು. ದೀಪ ಬಂತು, ಎಸಿ ಬರಲಿಲ್ಲ, ಲಿಫ್ಟೂ ಇಲ್ಲ. ಕೇಳಿದರೆ ಹುಡುಗನೊಬ್ಬ "ಎಸಿ, ಲಿಫ್ಟು ಜನರೇಟರ್‌ಗೆ ಕೊಟ್ಟಿಲ್ಲ ಸಾರ್" ಅಂದ. ಹೋಗಿ ನೋಡಿದೆ, ಯಂತ್ರದ ತಗಡಿನ ಮೇಲೆ ಅದರ ಸಾಮರ್ಥ್ಯ 25 ಕೆವಿಎ ಅಂತಿತ್ತು. ನಮ್ಮ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ಬಿಡಿಸಿ ಹೇಳಿದ: ಅದನ್ನು 0.8ರಿಂದ ಗುಣಿಸು, ಸಿಗುವುದು 20 ಕಿಲೋವ್ಯಾಟ್. ದೊಡ್ಡ ಎಸಿ ಒಂದಕ್ಕೇ ಎರಡು, ಎರಡೂವರೆ ಹೋಗುತ್ತೆ, ಇಲ್ಲಿ ಹದಿನಾರು ಇವೆ. ಒಂದನೇ ಮಹಡಿಯ ರೂಮಿನಲ್ಲಿ ಸೀರೆ ಬದಲಾಯಿಸಲು ಹೋಗಿದ್ದ ತಂಗಿಗೆ ಬೆವರಿನಲ್ಲಿ ಮೇಕಪ್ಪೆಲ್ಲ ಇಳಿಯುತ್ತಿತ್ತು, ಪಕ್ಕದಲ್ಲಿ ಅತ್ತಿಗೆ ರಟ್ಟಿನ ಡಬ್ಬದ ಮುಚ್ಚಳದಲ್ಲಿ ಗಾಳಿ ಬೀಸುತ್ತಿದ್ದರು. ಮದುಮಗಳನ್ನು ನೋಡಬೇಕು ಅಂತ ಮೇಲೆ ಹೋಗಿದ್ದ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ 22 ಮೆಟ್ಟಿಲು ಇಳಿಸಿದರು. ದಾರಿಯುದ್ದಕ್ಕೂ ಅಜ್ಜಿ ನಗುತ್ತಿದ್ದರು, ಹೊತ್ತವರು ನಗಲಿಲ್ಲ.

ಡೆಪಾಸಿಟ್ ವಾಪಸ್ ಕೇಳಲು ಹೋದಾಗ ಕ್ಲೀನಿಂಗ್ ಚಾರ್ಜು ಅಂತ ಒಂದಿಷ್ಟು ಹಿಡಿದುಕೊಂಡರು. ನಾವೇ ಗುಡಿಸಿದ್ದೆವಲ್ಲ ಅಂದೆ. "ಅದು ಹಿಂದಿನ ಪಾರ್ಟಿದು ಸಾರ್." ಇದಕ್ಕೆ ಉತ್ತರ ನನಗೆ ಇನ್ನೂ ಹೊಳೆದಿಲ್ಲ.

ತಪ್ಪು ನನ್ನದೂ ಇದೆ. ನಾನು ಹಾಲ್ ನೋಡಿದ್ದು ಖಾಲಿ ಇದ್ದ ಒಂದು ಮಧ್ಯಾಹ್ನ. ಖಾಲಿ ಹಾಲ್ ಯಾವುದೇ ಇರಲಿ, ದೊಡ್ಡದಾಗಿಯೇ ಕಾಣುತ್ತದೆ. ಬೇರೆಯವರ ಕಾರ್ಯಕ್ರಮ ಇರುವ ದಿನ, ಅದೂ ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ಹೊತ್ತಿಗೆ ಹೋಗಿ ಹಿಂದಿನ ಗೇಟಿನ ಹತ್ತಿರ ಅರ್ಧ ಗಂಟೆ ನಿಂತಿದ್ದರೆ ಎಲ್ಲಾ ಗೊತ್ತಾಗುತ್ತಿತ್ತು.

ಮೊನ್ನೆ ಚಿಕ್ಕಪ್ಪನ ಮಗನ ಮದುವೆಗೆ ಹಾಲ್ ನೋಡಲು ಹಾಗೇ ಹೋದೆವು. ಈ ಸಲ ನಾವೇ ಒಂದು ಹಾಳೆ ಬರೆದುಕೊಂಡು ಹೋಗಿದ್ದೆವು: ಎಷ್ಟು ಗಂಟೆಗೆ ಬೀಗ ಕೈಗೆ, ತಡವಾದರೆ ಎಷ್ಟು ಕಡಿತ, ಹಿಂದಿನ ದಿನ ಬೇರೆ ಬುಕಿಂಗ್ ಇದೆಯೋ ಇಲ್ಲವೋ, ಮೇಜು ಹಾಕಿದರೆ ಎಷ್ಟು ಜನ, ಜನರೇಟರ್‌ಗೆ ಏನೇನು ಕೊಟ್ಟಿದೆ, ಹೊರಗಿನವರನ್ನು ಕರೆಸಿದರೆ ಎಷ್ಟು, ನಾವು ರದ್ದು ಮಾಡಿದರೆ ಎಷ್ಟು ವಾಪಸ್, ಅವರೇ ರದ್ದು ಮಾಡಿದರೆ ಎಷ್ಟು. ಮೊದಲ ಎರಡು ಕಡೆ "ನಮ್ಮ ಮೇಲೆ ನಂಬಿಕೆ ಇಲ್ವಾ ಸಾರ್?" ಅಂದರು, ಎದ್ದು ಬಂದೆವು. ಮೂರನೆಯ ಕಡೆ ಯಜಮಾನರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಎರಡು ಸಾಲಿಗೆ ಅಡ್ಡಗೆರೆ ಎಳೆದು, "ಎಸಿಗೆ ಜನರೇಟರ್ ಕೊಡಕ್ಕಾಗಲ್ಲ, ಬೀಗ ಎಂಟಕ್ಕೆ ಮುಂಚೆ ಸಿಗಲ್ಲ. ಮಿಕ್ಕಿದ್ದಕ್ಕೆ ಸಹಿ ಹಾಕ್ತೀನಿ" ಅಂದರು.

ಅಲ್ಲೇ ಬುಕ್ ಮಾಡಿದೆವು. ಜನರೇಟರ್ ಹೊರಗಿಂದ ಬಾಡಿಗೆಗೆ ತರಿಸುತ್ತಿದ್ದೇವೆ.