ಮರಗಪ್ಪೆಯ ಟೆರೇರಿಯಂಗೆ ಯಾವ ಹಾಸು? ಮೂರು ವರ್ಷ ಬಳಸಿದ ಮೇಲಿನ ಮಾತು

ನನ್ನ ಹತ್ತಿರ ವೈಟ್ಸ್ ಅನ್ನುವ ಜಾತಿಯ ಎರಡು ಮರಗಪ್ಪೆಗಳಿವೆ. 45×45×60 ಸೆಂಟಿಮೀಟರ್ ಅಳತೆಯ ಟೆರೇರಿಯಂನಲ್ಲಿ, ಅಂದರೆ ಗಿಡ ನೆಟ್ಟ ಗಾಜಿನ ಪೆಟ್ಟಿಗೆಯಲ್ಲಿ, ಮೂರು ವರ್ಷದಿಂದ ಸಂಸಾರ ನಡೆಸಿವೆ. ಮೊದಲ ಎಂಟು ತಿಂಗಳು ತಳಕ್ಕೆ ಹಾಸಾಗಿ ಬರೀ ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) ಹಾಕಿದ್ದೆ. ಆಮೇಲಿನಿಂದ ಇವತ್ತಿನವರೆಗೂ ಎಬಿಜಿ ಮಿಕ್ಸ್ ಅನ್ನುವ, ತೊಗಟೆ, ನಾರು, ಇದ್ದಿಲು ಬೆರೆಸಿದ ಮಿಶ್ರಣ. ಎರಡನ್ನೂ ಹೊಗಳಿದ್ದೂ ಆಗಿದೆ, ಬೈದದ್ದೂ ಆಗಿದೆ.

ಶುರುವಿನಲ್ಲಿ ನಾನು ಈ ವಿಷಯಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಕಪ್ಪೆ ಇರುವುದು ಮೇಲೆ ಕೊಂಬೆಯಲ್ಲಿ, ಕೆಳಗೆ ಏನಿದ್ದರೇನು ಅಲ್ವಾ? ಕೋಕೋಪೀಟ್ ಇಟ್ಟಿಗೆ ಸುಲಭವಾಗಿ ಸಿಗುತ್ತದೆ, ಅಗ್ಗ. 650 ಗ್ರಾಂ ಇಟ್ಟಿಗೆಯನ್ನು ಬಕೆಟ್ ನೀರಿಗೆ ಹಾಕಿದರೆ ನೋಡನೋಡುತ್ತಲೇ ಉಬ್ಬಿ ಎಂಟು ಲೀಟರಿನಷ್ಟಾಗುತ್ತದೆ. ನೋಡಲು ಥೇಟ್ ಕಾಡಿನ ಮಣ್ಣು. ಏಳು ಸೆಂಟಿಮೀಟರ್ ದಪ್ಪ ಹರಡಿ, ಮನಿ ಪ್ಲಾಂಟ್ ನೆಟ್ಟು, ಆಹಾ ಅಂದುಕೊಂಡೆ.

ಒಂದು ಕೆಲಸ ಮಾತ್ರ ಅದೃಷ್ಟಕ್ಕೆ ಸರಿಯಾಗಿ ಮಾಡಿದ್ದೆ. ಹಾಕುವ ಮೊದಲು ಚೆನ್ನಾಗಿ ತೊಳೆದಿದ್ದೆ. ತೆಂಗಿನ ಸಿಪ್ಪೆಯನ್ನು ಎಷ್ಟೋ ಕಡೆ ಉಪ್ಪುನೀರಿನಲ್ಲಿ ನೆನೆಹಾಕುತ್ತಾರೆ, ಆ ಉಪ್ಪು ಪುಡಿಯಲ್ಲೂ ಉಳಿದಿರುತ್ತದೆ. ಕಪ್ಪೆ ನೀರು ಕುಡಿಯುವುದು ಬಾಯಿಂದಲ್ಲ, ಚರ್ಮದಿಂದ. ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ಒಳಬದಿಯ ಚರ್ಮ ನೀರನ್ನು ಎಳೆದುಕೊಳ್ಳುತ್ತದೆ. ಅಂದಮೇಲೆ ಅದು ಕೂರುವ ಜಾಗದಲ್ಲಿ ಏನಿದೆಯೋ ಅದು ಮೈಯೊಳಗೂ ಹೋಗಬಹುದು. ಮೊದಲ ಸಲ ಹಿಂಡಿದ ನೀರು ಡಿಕಾಕ್ಷನ್ ಬಣ್ಣ ಇತ್ತು. ನಾಲ್ಕನೆಯ ಸಲಕ್ಕೆ ಸ್ವಲ್ಪ ತಿಳಿಯಾಯಿತು.

ಮೊದಲ ತಕರಾರು ಎರಡನೇ ತಿಂಗಳಲ್ಲಿ. ರಾತ್ರಿ ಕ್ರಿಕೆಟ್ ಹುಳು ಬಿಟ್ಟಿದ್ದೆ. ದೊಡ್ಡ ಕಪ್ಪೆ ಕೊಂಬೆಯಿಂದಲೇ ಗುರಿಯಿಟ್ಟು ಧೊಪ್ಪನೆ ನೆಲಕ್ಕೆ ಹಾರಿತು. ಹುಳು ತಪ್ಪಿಸಿಕೊಂಡಿತು, ಕಪ್ಪೆಯ ಬಾಯಿ ತುಂಬ ಕೋಕೋಪೀಟ್. ಎರಡೂ ಮುಂಗೈಯಿಂದ ಬಾಯಿ ಒರೆಸಿಕೊಳ್ಳುತ್ತಾ ಅರ್ಧ ಗಂಟೆ ಕೂತಿತ್ತು. ಕೆಳದವಡೆಯಿಂದ ಒಂದು ನಾರು ಮೀಸೆಯ ಹಾಗೆ ಇಳಿಬಿದ್ದಿತ್ತು. ನಗು ಬಂತು, ಆದರೆ ಇದು ನಗುವ ವಿಷಯವಲ್ಲ. ಚೂರು ಪುಡಿ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಉದ್ದ ನಾರೋ, ಸಣ್ಣ ಜಲ್ಲಿಯೋ ಕರುಳಿನಲ್ಲಿ ಸಿಕ್ಕಿಕೊಂಡರೆ ಕಷ್ಟ. ಅವತ್ತಿನಿಂದ ಇಕ್ಕಳದಲ್ಲಿ ಅಥವಾ ನುಣುಪಾದ ಬಟ್ಟಲಲ್ಲಿ ಊಟ.

ಎಂಟನೇ ತಿಂಗಳಿಗೆ ಬಂದದ್ದು ವಾಸನೆ. ಬಾಗಿಲು ತೆಗೆದರೆ ಮಳೆಯಲ್ಲಿ ನೆಂದ ಮಣ್ಣಿನ ವಾಸನೆ ಬರಬೇಕು. ನನಗೆ ಬಂದದ್ದು ಕೊಳೆತ ಮೊಟ್ಟೆಯದು. ಮೇಲಿನಿಂದ ಎಲ್ಲ ಸರಿಯಾಗೇ ಕಾಣುತ್ತಿತ್ತು. ಬೆರಳು ತೂರಿಸಿ ಕೆದಕಿದೆ. ಮೇಲಿನ ಎರಡು ಸೆಂಟಿಮೀಟರ್ ಕಂದು, ಅದರ ಕೆಳಗೆಲ್ಲ ಕಪ್ಪು ಕೆಸರು. ಬೆರಳಿಗೆ ಅಂಟಿದ್ದು ಬೆಣ್ಣೆಯ ಹಾಗೆ ನುಣ್ಣಗಿತ್ತು. ಮನಿ ಪ್ಲಾಂಟಿನ ಬೇರು ಎಳೆದರೆ ಸಿಪ್ಪೆ ಕೈಗೆ ಬಂತು, ಒಳಗಿನ ದಾರ ಅಲ್ಲೇ ಉಳಿಯಿತು.

ಆಗಿದ್ದೇನೆಂದರೆ, ಕೋಕೋಪೀಟ್ ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿದುಕೊಳ್ಳುತ್ತದೆ. ನಾನು ದಿನಾ ಎರಡು ಹೊತ್ತು ನೀರು ಸಿಂಪಡಿಸುತ್ತಿದ್ದೆ, ತಳದಲ್ಲಿ ಇಳಿದುಹೋಗಲು ದಾರಿ ಇರಲಿಲ್ಲ. ಸಣ್ಣ ಪುಡಿ ಕಾಲ ಕಳೆದಂತೆ ಕುಸಿದು ಒತ್ತಾಗುತ್ತದೆ, ನಡುವೆ ಗಾಳಿಯಾಡುವುದಿಲ್ಲ. ಗಾಳಿ ಇಲ್ಲದ ಕಡೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಸೇರಿಕೊಂಡು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಮೊಟ್ಟೆ ವಾಸನೆ ಅದರದ್ದೇ. ಎಲ್ಲವನ್ನೂ ಕಿತ್ತು ಹಾಕಿದೆ. ಪೂರ್ತಿ ತಪ್ಪು ಕೋಕೋಪೀಟಿನದಲ್ಲ, ಅರ್ಧ ನನ್ನದು.

ಎರಡನೆಯ ಸಲ ತಳದಿಂದಲೇ ಸರಿಯಾಗಿ ಕಟ್ಟಿದೆ. ಐದು ಸೆಂಟಿಮೀಟರ್ ಸುಟ್ಟ ಜೇಡಿಮಣ್ಣಿನ ಉಂಡೆಗಳು, ಅದರ ಮೇಲೆ ಸೊಳ್ಳೆ ಪರದೆಯಂಥ ಫೈಬರ್ ಜಾಲರಿ, ಮೇಲೆ ಎಂಟು ಸೆಂಟಿಮೀಟರ್ ಎಬಿಜಿ ಮಿಕ್ಸ್. ಹೆಸರು ಬಂದದ್ದು ಅಟ್ಲಾಂಟಾ ಬೊಟಾನಿಕಲ್ ಗಾರ್ಡನ್‌ನಿಂದ. ಅಲ್ಲಿ ಬಳಸುತ್ತಿದ್ದ ಮಿಶ್ರಣವನ್ನೇ ಈಗ ಬೇರೆ ಬೇರೆಯವರು ಚೀಲದಲ್ಲಿ ತುಂಬಿ ಮಾರುತ್ತಾರೆ. ಸಾಮಾನ್ಯ ಲೆಕ್ಕ ಹೀಗೆ: ಆರ್ಕಿಡ್ ಬೆಳೆಸಲು ಬಳಸುವ ಮರದ ತೊಗಟೆ ಎರಡು ಪಾಲು, ಮರಜರಿಗಿಡದ ನಾರು ಎರಡು ಪಾಲು, ಪೀಟ್ (ಜೌಗಿನಲ್ಲಿ ಅರೆಕೊಳೆತು ಕೂಡಿದ ಗಿಡ-ಪಾಚಿ), ಸ್ಫ್ಯಾಗ್ನಂ ಅನ್ನುವ ಜೌಗಿನ ಪಾಚಿ, ಇದ್ದಿಲು ಒಂದೊಂದು ಪಾಲು. ತೊಗಟೆ, ಇದ್ದಿಲು, ನಾರು ಬೇಗ ಕುಸಿಯುವುದಿಲ್ಲ, ಅವುಗಳ ಸಂದಿಯಲ್ಲಿ ಗಾಳಿ ಓಡಾಡುತ್ತದೆ. ಪೀಟ್, ಪಾಚಿ ತೇವ ಹಿಡಿಯುತ್ತವೆ.

ಒಂದು ಮೂಲೆಯಲ್ಲಿ ತಳ ಮುಟ್ಟುವ ಹಾಗೆ ಸಣ್ಣ ಪೈಪ್ ನಿಲ್ಲಿಸಿದ್ದೆ. ಇದು ನನ್ನ ಅತಿ ಬುದ್ಧಿವಂತಿಕೆಯ ಕೆಲಸ, ಸುಮ್ನೆ ಹೇಳುತ್ತಿಲ್ಲ. ಉಂಡೆಗಳ ನಡುವೆ ನೀರು ಮೂರು ಸೆಂಟಿಮೀಟರ್ ಏರಿದ ಕೂಡಲೇ ಪೈಪಿನೊಳಗೆ ತೆಳು ಟ್ಯೂಬ್ ಇಳಿಸಿ ಸಿರಿಂಜಿನಿಂದ ಎಳೆದುಬಿಡುತ್ತೇನೆ. ನೀರು ಜಾಲರಿಯನ್ನು ಮುಟ್ಟಬಾರದು. ಮುಟ್ಟಿದರೆ ಮೇಲಿನ ಹಾಸು ಬತ್ತಿಯ ಹಾಗೆ ಹೀರಿಕೊಂಡು ಮತ್ತೆ ಅದೇ ಕಥೆ.

ಮೊದಲ ಮೂರು ವಾರ ಹತ್ತಿಯಂಥ ಬಿಳಿ ಬೂಷ್ಟು ಬಂತು. ಗಾಬರಿಯಾಗಿ ಕಿತ್ತು ಹಾಕಬೇಡಿ, ಹೊಸ ಹಾಸಿನಲ್ಲಿ ಇದು ಮಾಮೂಲು. ಸ್ಪ್ರಿಂಗ್‌ಟೇಲ್ ಅನ್ನುವ ಪುಟಾಣಿ ಹುಳುಗಳನ್ನು ಬಿಟ್ಟಿದ್ದೆ, ಅವು ಮೇಯ್ದು ಮುಗಿಸಿದವು. ಜೊತೆಗೆ ಕುಳ್ಳ ಬಿಳಿ ಐಸೋಪಾಡ್‌ಗಳು, ಕೊಳೆತದ್ದನ್ನು ತಿನ್ನುವ ಪುಟ್ಟ ಹುಳುಗಳು. ಹಗಲು ಒಂದೂ ಕಾಣಿಸುವುದಿಲ್ಲ. ರಾತ್ರಿ ಟಾರ್ಚ್ ಹಾಕಿ ತೊಗಟೆ ಎತ್ತಿದರೆ ಅಕ್ಕಿನುಚ್ಚು ಚೆಲ್ಲಿದಂತೆ ಹರಿದಾಡುತ್ತವೆ. ಹಾಗಂತ ಹುಳುಗಳೇ ಎಲ್ಲ ನೋಡಿಕೊಳ್ಳುತ್ತವೆ, ಶುಚಿ ಮಾಡುವುದೇ ಬೇಡ ಅನ್ನುವ ಮಾತನ್ನು ನಂಬಬೇಡಿ. ಬೆರಳುಗಾತ್ರದ ಕಪ್ಪೆಗಳಿಗೆ ಅದು ಸರಿಹೋಗಬಹುದು. ನನ್ನವು ಹತ್ತು ಸೆಂಟಿಮೀಟರ್ ಬೆಳೆದ ದಡೂತಿಗಳು. ಅವುಗಳ ಹಿಕ್ಕೆ ನೋಡಿದರೆ ಐಸೋಪಾಡ್‌ಗಳ ಮೇಲೆ ಕನಿಕರ ಬರುತ್ತದೆ. ಕಂಡದ್ದನ್ನು ನಾನೇ ಎತ್ತಿ ಹಾಕುತ್ತೇನೆ.

ಎಬಿಜಿಯಲ್ಲೂ ತೊಗಟೆ ಚೂರುಗಳಿವೆ, ಕಪ್ಪೆ ನುಂಗಬಹುದು. ಅದಕ್ಕೇ ಮೇಲೆ ದಪ್ಪ ತರಗೆಲೆ ಹೊದಿಸಿದ್ದೇನೆ. ಔಷಧಿ ಹೊಡೆಯದ ಮರದ್ದು, ಕುದಿಸಿ ಒಣಗಿಸಿದ್ದು. ಕಾಡುಬಾದಾಮಿಯ ಎಲೆ ಬಟ್ಟಲಗಲ ಇರುತ್ತದೆ, ಗುರಿ ತಪ್ಪಿದ ಕಪ್ಪೆಯ ಬಾಯಿಗೆ ಎಲೆ ತಾಗುತ್ತದೆಯೇ ಹೊರತು ಹಾಸು ಸಿಗುವುದಿಲ್ಲ. ಐಸೋಪಾಡ್‌ಗಳು ಎಲೆಯನ್ನು ತಿಂದು ನರ ಮಾತ್ರ ಉಳಿಸುತ್ತವೆ. ಅಂಥವು ಜಾಸ್ತಿ ಕಂಡಾಗ ಇನ್ನೊಂದು ಹಿಡಿ ಎಲೆ.

ಈಗ ದೂರುಗಳು. ದುಬಾರಿ. ಎರಡು ವರ್ಷದಲ್ಲಿ ಎರಡು ಸೆಂಟಿಮೀಟರ್ ತಗ್ಗಿದೆ. ಮೊದಲ ತಿಂಗಳುಗಳಲ್ಲಿ ನೀರಿನ ಬಟ್ಟಲು ದಿನಾ ಕಂದಾಗುತ್ತಿತ್ತು. ಇನ್ನೊಂದು ಇರಿಸುಮುರಿಸು ಪದಾರ್ಥಗಳದ್ದೇ. ಹಲವು ಮರಜರಿಗಿಡಗಳು ಸೈಟಿಸ್ (ಅಳಿವಿನ ಅಪಾಯದ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ, ವ್ಯಾಪಾರಕ್ಕೆ ನಿರ್ಬಂಧವಿದೆ. ಪೀಟ್ ಜೌಗಿನಲ್ಲಿ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಕೂಡುತ್ತದೆ. ಹೀಗಾಗಿ ತಗ್ಗಿದ ಜಾಗ ತುಂಬುವಾಗ ಮಿಶ್ರಣ ನಾನೇ ಮಾಡಿದೆ. ಪೀಟ್ ಬದಲು ತೊಳೆದ ಕೋಕೋಪೀಟ್, ಜರಿಗಿಡದ ನಾರಿನ ಬದಲು ತೆಂಗಿನ ಸಿಪ್ಪೆಯ ಚೂರು. ಹತ್ತು ತಿಂಗಳಾಯಿತು, ವಾಸನೆ ಇಲ್ಲ. ಹಿಡಿ ತುಂಬ ತೆಗೆದು ಹಿಂಡಿದರೆ ಒಂದೆರಡು ಹನಿ ಬರುತ್ತದೆ, ಅಷ್ಟೇ. ಅದು ಸರಿಯಾದ ತೇವ.

ಹೊಸ ಕಪ್ಪೆ ತಂದವರು ಮಾತ್ರ ಇದ್ಯಾವುದನ್ನೂ ಮೊದಲ ದಿನವೇ ಹಾಕಬೇಡಿ. ಕನಿಷ್ಠ ಒಂದು ತಿಂಗಳು ಬೇರೆ ಪೆಟ್ಟಿಗೆಯಲ್ಲಿ ಒದ್ದೆ ಟಿಶ್ಯೂ ಮೇಲೆ ಇಡಿ. ತಿಂದದ್ದು, ಹಿಕ್ಕೆ ಹಾಕಿದ್ದು ಕಣ್ಣಿಗೆ ಕಾಣುತ್ತದೆ. ಗೊಬ್ಬರ ಸೇರಿಸಿದ ಕುಂಡದ ಮಣ್ಣು, ದೇವದಾರು ಅಥವಾ ಪೈನ್ ಹೊಟ್ಟು ಯಾವಾಗಲೂ ಬೇಡ.

ನನ್ನ ಅಂಕ: ಬರೀ ಕೋಕೋಪೀಟ್‌ಗೆ ಐದಕ್ಕೆ ಎರಡು. ಎಬಿಜಿಗೆ ನಾಲ್ಕು. ಕೋಕೋಪೀಟ್ ಬೆರೆಸಿದ ನನ್ನ ಮಿಶ್ರಣಕ್ಕೆ ನಾಲ್ಕೂವರೆ, ಸ್ವಂತದ್ದು ಅಂತ ಅರ್ಧ ಜಾಸ್ತಿ ಕೊಟ್ಟಿರಬಹುದು. ಉಳಿದಿದ್ದ ಅರ್ಧ ಇಟ್ಟಿಗೆ ಐಸೋಪಾಡ್ ಸಾಕುವ ಡಬ್ಬಕ್ಕೆ ಹೋಯಿತು. ಅಲ್ಲಿಂದ ಇನ್ನೂ ಯಾವ ದೂರೂ ಬಂದಿಲ್ಲ.